‘ಆ ಮಗು ಕಲಿಯಲ್ಲ’ ಅನ್ನುವ ಮೊದಲು ವಿಶೇಷ ಶಿಕ್ಷಕಿಯನ್ನು ಕೇಳಿದ್ದೀರಾ?

‘ಈ ಹುಡುಗ ಕಲಿಯಲ್ಲ ಬಿಡಿ. ಸುಮ್ನೆ ಹಾಜರಿಗೆ ಬರ್ತಾನೆ.’

ನಮ್ಮ ಹಳ್ಳಿ ಶಾಲೆಗಳಲ್ಲಿ ಈ ಮಾತು ಕೇಳದವರು ಕಡಿಮೆ. ಹುಡುಗನ ಹೆಸರು ಹಾಜರಿ ಪುಸ್ತಕದಲ್ಲಿದೆ, ಬಿಸಿಯೂಟದ ಲೆಕ್ಕದಲ್ಲಿದೆ. ಪಾಠದಲ್ಲಿ ಮಾತ್ರ ಅವನಿಲ್ಲ. ಅಪ್ಪ-ಅಮ್ಮ ಕೇಳಿದರೆ ‘ಸ್ಪೆಷಲ್ ಸ್ಕೂಲಿಗೆ ಸೇರಿಸಿ’ ಅನ್ನುತ್ತಾರೆ. ಆ ಶಾಲೆ ಇರುವುದು ದೂರದ ಪೇಟೆಯಲ್ಲಿ. ಕೂಲಿಗೆ ಹೋಗುವ ತಾಯಿ ದಿನಾ ಕರೆದುಕೊಂಡು ಹೋಗುವುದು ಹೇಗೆ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಶೇ. 40 ಅಥವಾ ಹೆಚ್ಚು ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಮಗು ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದಬಹುದು. ಆಯ್ಕೆ ಮಗುವಿನದು. ‘ಬೇರೆ ಕಡೆ ಸೇರಿಸಿ’ ಅನ್ನಲು ಶಾಲೆಗೆ ಹಕ್ಕಿಲ್ಲ.

‘ಹೇಗೆ ಕಲಿಸೋದು ನಮಗೆ ಗೊತ್ತಿಲ್ಲ’ ಅನ್ನುತ್ತಾರೆ ಮೇಷ್ಟ್ರು. ಸರಿ, ಆದರೆ ಗೊತ್ತಿರುವವರನ್ನು ಕೇಳಿದಿರಾ? ತಾಲ್ಲೂಕಿನ ಬಿಆರ್‌ಸಿಯಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿಗಳು ಇರುತ್ತಾರೆ. ವರ್ಷಗಟ್ಟಲೆ ಇಂಥ ಮಕ್ಕಳ ಜೊತೆ ಕೂತವರು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಹಾಗೆ ಅವರನ್ನು ಯಾರೂ ಕೇಳುವುದಿಲ್ಲ.

ಅನುಭವಸ್ಥ ವಿಶೇಷ ಶಿಕ್ಷಕರು ಮಾಡುವುದು ನೋಡಿ.

ಕಿವಿ ಮಂದ ಇರುವ ಮಗು ಇದ್ದರೆ ಬೋರ್ಡಿಗೆ ಮುಖ ಮಾಡಿ ಮಾತಾಡುವುದಿಲ್ಲ. ಮಗು ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತದೆ. ತಮ್ಮ ಬೆನ್ನ ಹಿಂದೆ ಕಿಟಕಿ ಬರದ ಹಾಗೆ ನಿಲ್ಲುತ್ತಾರೆ, ಇಲ್ಲದಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ.

ಕಣ್ಣು ಮಂದ ಇರುವ ಮಗುವಿಗೆ ಬೋರ್ಡಿನಲ್ಲಿ ಬರೆದದ್ದನ್ನೆಲ್ಲ ಜೋರಾಗಿ ಓದಿ ಹೇಳುತ್ತಾರೆ. ದಪ್ಪ ಸ್ಕೆಚ್ ಪೆನ್ನಲ್ಲಿ ಗೆರೆ ಎಳೆದು ಕೊಡುತ್ತಾರೆ.

ಬುದ್ಧಿ ಬೆಳವಣಿಗೆ ನಿಧಾನವಿರುವ ಮಗುವಿಗೆ ಅಂಗಿ ಗುಂಡಿ ಹಾಕುವುದನ್ನು ಕೊನೆಯಿಂದ ಕಲಿಸುತ್ತಾರೆ. ನಾಲ್ಕು ಗುಂಡಿ ತಾವು ಹಾಕಿ, ಐದನೆಯದನ್ನು ಮಗುವಿಗೆ ಬಿಡುತ್ತಾರೆ. ಕೆಲಸ ಮುಗಿಸಿದ ಖುಷಿ ಮಗುವಿಗೆ. ನಾಳೆ ಎರಡು ಗುಂಡಿ.

ಗಂಟೆ ಹೊಡೆದ ಕೂಡಲೇ ಕಿವಿ ಮುಚ್ಚಿ ಓಡುವ ಆಟಿಸಂ ಇರುವ ಮಗುವನ್ನು ಗದರುವುದಿಲ್ಲ. ಓಡುವ ಮೊದಲು ಏನಾಯಿತು ಎಂದು ಬರೆದಿಡುತ್ತಾರೆ. ನಾಳೆ ಗಂಟೆಗೆ ಮೊದಲೇ ಹೇಳುತ್ತಾರೆ. ದಿನದ ಕೆಲಸಗಳನ್ನು ಚಿತ್ರದಲ್ಲಿ ಸಾಲಾಗಿ ತೋರಿಸುತ್ತಾರೆ.

ಇದಕ್ಕೆಲ್ಲ ಎಷ್ಟು ಖರ್ಚು? ಹೆಚ್ಚೆಂದರೆ ಒಂದು ಸ್ಕೆಚ್ ಪೆನ್ನು.

ಮೇಷ್ಟ್ರ ಕಷ್ಟವೂ ಸುಳ್ಳಲ್ಲ. ಒಂದೇ ಕೋಣೆಯಲ್ಲಿ ಎರಡು-ಮೂರು ತರಗತಿ, ಬಿಸಿಯೂಟ, ಸಮೀಕ್ಷೆ. ಆದರೆ ಮಕ್ಕಳ ಕಡೆ ತಿರುಗಿ ಮಾತಾಡಲು ಹೆಚ್ಚು ಸಮಯ ಬೇಕಾಗಿಲ್ಲ. ಅದರಿಂದ ಹಿಂದಿನ ಬೆಂಚಿನ ಎಲ್ಲರಿಗೂ ಲಾಭ.

ದೊಡ್ಡ ತಪ್ಪು ಇಲಾಖೆಯದು. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ನಮ್ಮಲ್ಲಿ ಬೆರಳೆಣಿಕೆಯ ಜನ ಇಡೀ ತಾಲ್ಲೂಕು ಸುತ್ತುತ್ತಾರೆ. ಅದರಲ್ಲೂ ಅರ್ಧ ದಿನ ಫಾರಂ ತುಂಬುವುದಕ್ಕೆ, ಶಿಬಿರದ ಪಟ್ಟಿ ಮಾಡುವುದಕ್ಕೆ ಹೋಗುತ್ತದೆ. ಅವರ ಅನುಭವ ಅವರ ಜೊತೆಗೇ ನಿವೃತ್ತಿಯಾಗುತ್ತದೆ.

ಹೊಸ ನೇಮಕ ಆಗಲೇಬೇಕು. ಆದರೆ ಅದಕ್ಕೆ ಕಾಯದೆ ಮಾಡಬಹುದಾದ ಮೂರು ಕೆಲಸಗಳಿವೆ.

ಒಂದು, ವಿಶೇಷ ಶಿಕ್ಷಕಿ ಶಾಲೆಗೆ ಬಂದಾಗ ಮಗುವನ್ನು ಅವರ ಕೈಗೆ ಕೊಟ್ಟು ತರಗತಿ ಮೇಷ್ಟ್ರು ಬೇರೆ ಕೆಲಸಕ್ಕೆ ಹೋಗಬಾರದು. ಪಕ್ಕದಲ್ಲಿ ಕೂತು ನೋಡಬೇಕು. ಈ ಕೆಲಸ ಭಾಷಣದಿಂದ ಬರಲ್ಲ, ನೋಡಿ ಕಲಿಯಬೇಕು.

ಎರಡು, ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಒಂದು ಗಂಟೆ ಅವರಿಗೆ ಕೊಡಿ. ಸುತ್ತೋಲೆ ಓದುವುದು ಆಮೇಲೆ ಇರಲಿ.

ಮೂರು, ಮಗುವಿಗೆ ಏನು ಬರುತ್ತದೆ, ಯಾವುದು ಫಲ ಕೊಟ್ಟಿತು ಎಂದು ಬರೆದ ಒಂದು ನೋಟ್‌ಬುಕ್ ಮಗುವಿನ ಜೊತೆ ಮುಂದಿನ ತರಗತಿಗೆ ಹೋಗಲಿ. ಪ್ರತಿ ಜೂನ್‌ನಲ್ಲಿ ಮೊದಲಿಂದ ಶುರು ಮಾಡುವುದು ನಿಲ್ಲಲಿ.

ಓದುತ್ತಿರುವ ನಿಮಗೂ ಒಂದು ಕೆಲಸ ಇದೆ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಇಷ್ಟು ಕೇಳಿ: ‘ಈ ವರ್ಷ ವಿಶೇಷ ಶಿಕ್ಷಕರು ನಮ್ಮ ಶಾಲೆಗೆ ಎಷ್ಟು ಸಲ ಬಂದರು? ಬಂದಾಗ ನಮ್ಮ ಮೇಷ್ಟ್ರು ಅವರಿಂದ ಏನು ಕಲಿತರು?’

ಉತ್ತರ ಸಿಗುವವರೆಗೆ ‘ಆ ಮಗು ಕಲಿಯಲ್ಲ’ ಅನ್ನುವ ಮಾತನ್ನು ಯಾರೂ ಆಡಬಾರದು.