ಹೊಳೆಗೆ ಬಿಟ್ಟ ನೆಲ

ನಮ್ಮ ಸಾಹಿತ್ಯದಲ್ಲಿ ನದಿಗೆ ದೊರೆತಿರುವ ಗೌರವ ಅಲ್ಪವಾದುದಲ್ಲ. ಕವಿರಾಜಮಾರ್ಗಕಾರನು ಕನ್ನಡ ನಾಡಿನ ಮೇರೆಗಳನ್ನು ಹೇಳಹೊರಟಾಗ ಎರಡು ನದಿಗಳ ಹೆಸರನ್ನೇ ಆಶ್ರಯಿಸಿದನು. ಅಂದಿನಿಂದ ಇಂದಿನವರೆಗೆ ನದಿಯನ್ನು ತಾಯಿಯೆಂದು ಹಾಡದ ಕವಿ ವಿರಳ. ಆದರೆ ಆ ತಾಯಿ ಮುನಿದು ಮನೆಯೊಳಕ್ಕೆ ಬಂದ ರಾತ್ರಿಯನ್ನು ಕುರಿತು, ಅದರಲ್ಲಿಯೂ ಲಕ್ಷಾಂತರ ಜನ ಒತ್ತೊತ್ತಾಗಿ ವಾಸಿಸುವ ಮಹಾನಗರದಲ್ಲಿ ಅಂತಹ ರಾತ್ರಿಯನ್ನು ಕಳೆದವರ ಬಾಳನ್ನು ಕುರಿತು, ನಾವು ಓದಿದ್ದೂ ಕಡಮೆ, ಯೋಚಿಸಿದ್ದೂ ಕಡಮೆ. ಮಳೆಗಾಲ ಬಂದಾಗಲೆಲ್ಲ ಯಾವುದಾದರೊಂದು ನಗರಕ್ಕೆ ನೀರು ನುಗ್ಗಿದ ಸುದ್ದಿ ಬರುತ್ತದೆ. ನೀರು ಇಳಿದೊಡನೆ ಸುದ್ದಿಯೂ ಇಳಿಯುತ್ತದೆ. ಪ್ರವಾಹವನ್ನು ದಾಟಿ ಬದುಕುವುದೆಂದರೇನು? ಅದು ನೀರು ಇಳಿದ ದಿನವೇ ಮುಗಿಯುವ ಕೆಲಸವೇ? ಈ ಪ್ರಶ್ನೆಯನ್ನು ವಿಚಾರಮಾಡಲು ಹೈದರಾಬಾದಿನ ಮೂಸಿ ನದಿಯ ಕಥೆ ಬಹು ಉಪಯುಕ್ತವಾದುದು.

ಈ ಕಥೆ ಕನ್ನಡಿಗರಿಗೆ ಪರಕೀಯವೂ ಅಲ್ಲ. 1908ರಲ್ಲಿ ಹೈದರಾಬಾದು ಬೀದರ, ಕಲಬುರಗಿ, ರಾಯಚೂರುಗಳ ಜನಕ್ಕೂ ರಾಜಧಾನಿಯಾಗಿತ್ತು. ಆ ನಗರ ಮುಳುಗಿದ ಮೇಲೆ, ಮತ್ತೆ ಮುಳುಗದಂತೆ ಮಾಡುವ ಬಗೆಯೇನೆಂದು ಹೇಳಲು ಕರೆಸಿಕೊಳ್ಳಲ್ಪಟ್ಟವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ಮೂಸಿ ಮಹಾನದಿಗಳ ಸಾಲಿಗೆ ಸೇರಿದುದಲ್ಲ. ವಿಕಾರಾಬಾದಿನ ಬಳಿಯ ಅನಂತಗಿರಿ ಬೆಟ್ಟಗಳಲ್ಲಿ ಹುಟ್ಟಿ, ಪೂರ್ವಾಭಿಮುಖವಾಗಿ ಹರಿದು, ಹೈದರಾಬಾದನ್ನು ಎರಡು ಭಾಗಮಾಡಿ, ಮುಂದೆ ಕೃಷ್ಣೆಯನ್ನು ಸೇರುತ್ತದೆ. ಮುಚುಕುಂದಾ ಎಂಬ ಪುರಾಣದ ಹೆಸರೂ ಅದಕ್ಕುಂಟು. ಮಳೆಗಾಲ ಕಳೆದರೆ ಸೊರಗುವ ಇಂತಹ ಹೊಳೆಯ ದಡದಲ್ಲಿ ಮನೆ ಕಟ್ಟಲು ಯಾರಿಗೆ ತಾನೆ ಅಂಜಿಕೆ? ಆದರೆ 1908ರ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಮೇಲಿನ ಸೀಮೆಯ ಮೇಲೆ ಎಡೆಬಿಡದೆ ಮಳೆ ಸುರಿಯಿತು. ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ, 48 ಗಂಟೆಗಳಲ್ಲಿ 18.9 ಅಂಗುಲ ಮಳೆ ದಾಖಲಾಯಿತು. 28ನೆಯ ತಾರೀಖಿನ ನಸುಕಿಗೆ ಮುನ್ನವೇ ಹೊಳೆ ದಡ ಮೀರಿತು. ಅಫ್ಜಲ್‌ಗಂಜಿನ ಸೇತುವೆ, ಮುಸಲ್ಲಂ ಜಂಗ್ ಸೇತುವೆ, ಚಾದರ್‌ಘಾಟ್ ಸೇತುವೆ, ಈ ಮೂರೂ ಪ್ರವಾಹದ ಹೊಡೆತಕ್ಕೆ ಸಿಕ್ಕವು. ಒಂದು ದಡದ ಊರಿಗೆ ಇನ್ನೊಂದು ದಡದ ಊರು ಕಣ್ಣೆದುರಿನಲ್ಲಿದ್ದರೂ ಕೈಗೆಟುಕದೆ ಹೋಯಿತು.

ಆ ದಿನದ ಸಾವಿನ ಲೆಕ್ಕ ಸುಮಾರು 15,000 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅಫ್ಜಲ್‌ಗಂಜಿನ ಆಸ್ಪತ್ರೆಯ ಬಳಿಯ ಒಂದು ಹುಣಿಸೆಯ ಮರವನ್ನೇರಿ ಸುಮಾರು 150 ಜನ ಜೀವ ಉಳಿಸಿಕೊಂಡರೆಂದು ನಗರ ಇಂದಿಗೂ ನೆನೆಯುತ್ತದೆ. ಆ ಮರವಿರುವುದು ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ. ಉರ್ದು ಕವಿ ಅಮ್ಜದ್ ಹೈದರಾಬಾದಿ ಆ ದಿನ ತಾಯಿಯನ್ನೂ, ಹೆಂಡತಿಯನ್ನೂ, ಮಗಳನ್ನೂ ಹೊಳೆಯ ಪಾಲುಮಾಡಿ ತಾನೊಬ್ಬನೇ ಬದುಕಿ ಉಳಿದನು. ಅವನು ಈ ಪ್ರವಾಹವನ್ನು ಕುರಿತು ಬರೆದ ಕವನಕ್ಕೆ ಕೊಟ್ಟ ಹೆಸರಿನ ಅರ್ಥ 'ಕಿರಿಯ ಪ್ರಳಯ' ಎಂದು. ಮನೆಯವರನ್ನೆಲ್ಲ ಕಳೆದುಕೊಂಡವನು ಅದನ್ನು ಕಿರಿಯದೆಂದು ಕರೆದನಲ್ಲ, ಆ ಒಂದು ಮಾತಿನ ಸಂಯಮದಲ್ಲಿ ದುಃಖದ ಆಳವೆಲ್ಲ ಅಡಗಿದೆ.

ಆಗಿನ ನಿಜಾಮ ಮೀರ್ ಮಹಬೂಬ್ ಅಲಿ ಖಾನನು ನಿರಾಶ್ರಿತರಿಗೆ ಆಶ್ರಯವಿತ್ತು, ಅನ್ನದ ವ್ಯವಸ್ಥೆ ಮಾಡಿಸಿದನು. ಅವನು ಹಿಂದೂ ಪದ್ಧತಿಯಂತೆ ಹೊಳೆಗೆ ಸೀರೆಯನ್ನೂ ಮುತ್ತುಗಳನ್ನೂ ಅರ್ಪಿಸಿ, ಆರತಿಯೆತ್ತಿ, ಶಾಂತಳಾಗೆಂದು ಬೇಡಿದನೆಂದು ಜನ ಹೇಳುವುದುಂಟು. ಕಟ್ಟೆ ತುಂಬಿದಾಗ ಹೊಳೆಗೆ ಬಾಗಿನ ಕೊಡುವ ನಮಗೆ ಈ ಐತಿಹ್ಯ ಅಪರಿಚಿತವೆನಿಸದು. ಇದನ್ನು ಮೌಢ್ಯವೆಂದು ನಗುವುದು ಸುಲಭ. ಆದರೆ ನೀರಿಗೂ ಒಂದು ಹಕ್ಕುಂಟು, ಅದಕ್ಕೂ ಏನನ್ನಾದರೂ ಬಿಟ್ಟುಕೊಡಬೇಕು ಎಂಬ ಎಚ್ಚರ ಆ ಆಚಾರದಲ್ಲಿ ಉಳಿದಿದೆ. ಬಿಟ್ಟುಕೊಡಬೇಕಾದದ್ದು ಸೀರೆಯೊ, ಮುತ್ತೊ, ಮತ್ತೇನೊ ಎಂಬುದಷ್ಟೇ ಪ್ರಶ್ನೆ. ಅದಕ್ಕೆ ಉತ್ತರ ದೊರೆತದ್ದು ಮರುವರ್ಷ.

ಮುಂಬಯಿ ಸರ್ಕಾರದ ಸೇವೆಯಲ್ಲಿದ್ದು ಪ್ರಸಿದ್ಧರಾಗಿದ್ದ ವಿಶ್ವೇಶ್ವರಯ್ಯನವರು 1909ರಲ್ಲಿ ಹೈದರಾಬಾದಿಗೆ ಬಂದು ಕೆಲಸಕ್ಕೆ ತೊಡಗಿದರು. ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರರಾದರು. ನಡುವಣ ಕೆಲವು ತಿಂಗಳುಗಳು ಮೂಸಿಗೆ ಮೀಸಲಾದವು. ಅವರು ನಗರದ ಬೀದಿಗಳನ್ನಷ್ಟೇ ನೋಡಲಿಲ್ಲ, ನಗರದ ಮೇಲುಭಾಗದ ಸೀಮೆಯನ್ನು ಲೆಕ್ಕಕ್ಕೆ ತೆಗೆದುಕೊಂಡರು. ಹೈದರಾಬಾದಿನವರೆಗೆ ಮೂಸಿಗೆ ನೀರು ಹರಿದು ಬರುವ ನೆಲ ಸುಮಾರು 860 ಚದರ ಮೈಲಿ. ಅಲ್ಲಿ 788 ಕೆರೆಗಳಿದ್ದುವು. ಹೆಚ್ಚುಕಡಮೆ ಚದರ ಮೈಲಿಗೊಂದು ಕೆರೆ. ಅವುಗಳಲ್ಲಿ 221 ಒಡೆದಿದ್ದುವು. ಮೇಲಿನ ಕೆರೆಯ ಕಟ್ಟೆ ಒಡೆದರೆ ಅದರ ನೀರು ಕೆಳಗಿನ ಕೆರೆಯ ಮೇಲೆ ಬೀಳುತ್ತದೆ. ತನ್ನ ಮಳೆಯನ್ನೇ ತಾಳಲಾರದೆ ನಿಂತಿದ್ದ ಆ ಕೆರೆಯೂ ಒಡೆಯುತ್ತದೆ. ಹೀಗೆ ಸರಪಣಿಯಂತೆ ಬಂದ ನೀರು ಆಕಾಶದ ಮಳೆಯೊಡನೆ ಕೂಡಿ ನಗರದ ಮೇಲೆ ಎರಗಿತು. ಆ ಹೊತ್ತಿನ ಪ್ರವಾಹವನ್ನು ಸೆಕೆಂಡಿಗೆ 4,25,000 ಘನ ಅಡಿ ಎಂದು ಅಂದಾಜು ಮಾಡಿದರು. ನಗರದ ನಾಶ ನಗರದಲ್ಲಿ ಹುಟ್ಟಿದುದಲ್ಲ. ಯಾರೂ ತಿರುಗಿ ನೋಡದಿದ್ದ ದೂರದ ಕೆರೆ ಏರಿಗಳ ಮೇಲೆ ಹುಟ್ಟಿದ್ದು ಎಂಬ ಸತ್ಯ ಈ ಅಂಕಿಗಳಿಂದ ಹೊರಬಿದ್ದಿತು.

ಅವರ ಸಲಹೆ ಸರಳವಾಗಿತ್ತು. ನಗರದ ಮೇಲ್ಗಡೆ ಮೂಸಿಗೂ ಅದರ ಉಪನದಿ ಈಸಿಗೂ ಅಡ್ಡಲಾಗಿ ಜಲಾಶಯಗಳನ್ನು ಕಟ್ಟಿ, ನೆರೆಯ ನೀರನ್ನು ಅಲ್ಲಿ ತಡೆದು, ನಗರ ತಾಳಬಲ್ಲಷ್ಟನ್ನು ಮಾತ್ರ ಕೆಳಕ್ಕೆ ಬಿಡಬೇಕು. ದಡಗಳನ್ನು ಬಲಪಡಿಸಿ, ಹೊಳೆಯ ಬದಿಯನ್ನು ಉದ್ಯಾನಗಳಿಗೂ ವಿಶಾಲವಾದ ರಸ್ತೆಗಳಿಗೂ ಬಿಡಬೇಕು. ಉಸ್ಮಾನ್ ಸಾಗರ 1920ರಲ್ಲಿಯೂ ಹಿಮಾಯತ್ ಸಾಗರ 1927ರಲ್ಲಿಯೂ ಪೂರ್ಣವಾದವು. ನಗರವನ್ನು ಮುಳುಗಿಸಿದ ನೀರೇ ಮುಂದೆ ಅದರ ಬಾಯಾರಿಕೆಯನ್ನು ತಣಿಸಿತು.

ಈ ಯೋಜನೆಯ ತಿರುಳೇನೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳೂ ಗ್ರಹಿಸಬೇಕು. ಅದರ ತಿರುಳು ಕಲ್ಲುಗಾರೆಯಲ್ಲಿಲ್ಲ, ತೆರವಿನಲ್ಲಿದೆ. ನೆರೆಯನ್ನು ತಡೆಯುವ ಜಲಾಶಯ, ನೆರೆ ಬರುವ ಮುನ್ನ ಕೊಂಚವಾದರೂ ಬರಿದಾಗಿರಬೇಕು. ಎರಡೂ ಜಲಾಶಯಗಳು ಕೂಡಿ ಹಿಡಿಯುವ ನೀರು ಸುಮಾರು 7 ಟಿಎಂಸಿ. 1908ರ ನೆರೆ ತನ್ನ ಅತ್ಯುನ್ನತ ವೇಗದಲ್ಲಿ ಹರಿದಿದ್ದರೆ ಅಷ್ಟು ನೀರು ಬರಲು ಬೇಕಾದದ್ದು ನಾಲ್ಕೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು. ಜಲಾಶಯ ಮೊದಲೇ ತುಂಬಿದ್ದರೆ ಆ ನಾಲ್ಕೂವರೆ ಗಂಟೆಯೂ ನಗರಕ್ಕಿಲ್ಲ. ಆದರೆ ಬೇಸಗೆಯ ಬಾಯಾರಿಕೆಗೆ ಹೆದರುವ ನಗರ ಜಲಾಶಯ ತುಂಬಿರಲೆಂದೇ ಬಯಸುತ್ತದೆ. ಬಾಯಾರಿಕೆಗೆ ತುಂಬಿರಬೇಕು, ಪ್ರವಾಹಕ್ಕೆ ತೆರವಿರಬೇಕು. ಈ ಎರಡರ ನಡುವೆ ಪ್ರತಿವರ್ಷವೂ ವಿವೇಕದಿಂದ ತೀರ್ಮಾನಿಸುವುದೇ ಪ್ರವಾಹವನ್ನು ಕಂಡ ಊರಿನ ಬಾಳು. ದಡದ ಮಾತೂ ಹಾಗೆಯೇ. ಅಲ್ಲಿನ ತೆರವಾದ ನೆಲ ಹತ್ತಾರು ವರ್ಷ ವ್ಯರ್ಥವೆಂಬಂತೆ ಬಿದ್ದಿರುತ್ತದೆ. ಒಂದು ರಾತ್ರಿ ಮಾತ್ರ ಅದರ ಬೆಲೆ ತಿಳಿಯುತ್ತದೆ.

ಪ್ರವಾಹವನ್ನು ಕಣ್ಣಾರೆ ಕಂಡವರು ಇರುವವರೆಗೆ ಈ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೂರನೆಯ ತಲೆಮಾರಿಗೆ ಅದು ಅಜ್ಜಿಯ ಕಥೆ, ನಾಲ್ಕನೆಯದಕ್ಕೆ ಅದೂ ಇಲ್ಲ. 1994ರಲ್ಲಿ ಮೂಸಿಯ ನಡುಗಡ್ಡೆಯ ಮೇಲೆಯೇ ನಗರದ ದೊಡ್ಡ ಬಸ್ ನಿಲ್ದಾಣ ಎದ್ದು ನಿಂತಿತು. 1996ರಲ್ಲಿ ಸರ್ಕಾರ ಎಚ್ಚತ್ತು, ಎರಡು ಜಲಾಶಯಗಳ ಸುತ್ತ 10 ಕಿಲೋಮೀಟರುಗಳವರೆಗೆ ಕಟ್ಟಡಗಳನ್ನು ನಿರ್ಬಂಧಿಸುವ 111ನೆಯ ಆಜ್ಞೆಯನ್ನು ಹೊರಡಿಸಿತು; 2022ರಲ್ಲಿ ಆ ನಿರ್ಬಂಧಗಳನ್ನು ತೆಗೆಯುವ ಇನ್ನೊಂದು ಆಜ್ಞೆ ಬಂದಿತು. ಈ ನಡುವೆ, 2020ರ ಅಕ್ಟೋಬರ್ ತಿಂಗಳಲ್ಲಿ ಭಾರಿ ಮಳೆ ಬಂದು, ಹಿಮಾಯತ್ ಸಾಗರದ ಬಾಗಿಲುಗಳನ್ನು ತೆರೆಯಬೇಕಾಯಿತು; ನಗರದ ಅನೇಕ ಬಡಾವಣೆಗಳು ನೀರಿನಲ್ಲಿ ನಿಂತವು, ಹಲವರು ಪ್ರಾಣ ಕಳೆದುಕೊಂಡರು. ಅಂದೂ ಕೆರೆಯ ಕಟ್ಟೆಗಳು ಒಡೆದವು. 2025ರ ಸೆಪ್ಟೆಂಬರ್ ತಿಂಗಳ ಕೊನೆಯ ವಾರದಲ್ಲಿ, ಜಲಾಶಯಗಳಿಂದ ನೀರು ಬಿಟ್ಟಾಗ, ಹೊಳೆ ಆ ನಡುಗಡ್ಡೆಯ ಬಸ್ ನಿಲ್ದಾಣವನ್ನೇ ಹೊಕ್ಕಿತು; ಪ್ರಯಾಣಿಕರನ್ನು ಹೊರಕ್ಕೆ ಸಾಗಿಸಬೇಕಾಯಿತು. ಹೊಳೆ ಹೊಸದೇನನ್ನೂ ಆಕ್ರಮಿಸಲಿಲ್ಲ, ತನ್ನ ಹಳೆಯ ಜಾಗಕ್ಕೆ ಬಂದು ಹೋಯಿತು.

ಹಾಗಾದರೆ ಹೊಳೆಯ ನೆಲವನ್ನು ತೆರವು ಮಾಡಿಸಿಬಿಟ್ಟರೆ ಆಯಿತಲ್ಲವೇ ಎಂದು ಕೆಲವರು ಕೇಳಬಹುದು. ಮಾತು ಅಷ್ಟು ಸುಲಭವಲ್ಲ. 2024ರಲ್ಲಿ ಮೂಸಿಯ ತೀರವನ್ನು ಹೊಸದಾಗಿ ರೂಪಿಸುವ ಯೋಜನೆಗಾಗಿ ದಡದ ಮನೆಗಳಿಗೆ ಗುರುತು ಹಾಕಲು ಹೋದಾಗ ಅಲ್ಲಿಯ ನಿವಾಸಿಗಳು ಪ್ರತಿಭಟಿಸಿದರು. ಬಡವನು ಹೊಳೆಯ ಮಗ್ಗುಲಿಗೆ ಬಂದು ನೆಲಸಿದ್ದು ಹೊಳೆಯ ಮೇಲಿನ ಮೋಹದಿಂದಲ್ಲ. ಬೇರೆಲ್ಲಿಯೂ ಅವನಿಗೆ ನೆಲ ದೊರೆಯಲಿಲ್ಲ. ಕೆಳಗಿನ ದಡದ ಗುಡಿಸಲನ್ನು ಎಬ್ಬಿಸಿ, ಮೇಲಿನ ಜಲಾಶಯದ ಅಂಚಿನಲ್ಲಿ ಶ್ರೀಮಂತರ ಬಂಗಲೆಗಳಿಗೆ ಎಡೆಮಾಡಿಕೊಟ್ಟರೆ ಹೊಳೆಗೂ ನ್ಯಾಯವಿಲ್ಲ, ಮನುಷ್ಯನಿಗೂ ನ್ಯಾಯವಿಲ್ಲ. ತೆರವು ಮಾಡುವ ಭಾರವನ್ನು ಮೇಲಿನವರೂ ಕೆಳಗಿನವರೂ ಹಂಚಿಕೊಳ್ಳಬೇಕು; ಎದ್ದುಹೋಗುವವನಿಗೆ ಕೆಲಸಕ್ಕೆ ಹತ್ತಿರವಾದ ಮನೆ ಮೊದಲು ಸಿದ್ಧವಾಗಬೇಕು. ಇಲ್ಲವಾದರೆ ಇಂದು ಎಬ್ಬಿಸಿದವನು ನಾಳೆ ಇನ್ನೊಂದು ಹಳ್ಳದ ಬದಿಗೆ ಹೋಗಿ ನಿಲ್ಲುತ್ತಾನೆ.

ನೆರೆಯೂರಿನ ತಪ್ಪನ್ನು ಎಣಿಸಿ ತೃಪ್ತರಾಗುವುದು ನಮಗೆ ತಕ್ಕುದಲ್ಲ. ಬೆಂಗಳೂರಿಗೆ ಮೂಸಿಯಂತಹ ಹೊಳೆಯಿಲ್ಲ. ಆದರೆ ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಕಟ್ಟಿದ ಕೆರೆಗಳ ಮಾಲೆಯಿತ್ತು, ಅವನ್ನು ಹೆಣೆದ ರಾಜಕಾಲುವೆಗಳಿದ್ದುವು. ಕೆರೆಯಂಗಳ ಬಡಾವಣೆಯಾಯಿತು, ಕಾಲುವೆ ಕಿರಿದಾಯಿತು. 2022ರ ಸೆಪ್ಟೆಂಬರ್ ತಿಂಗಳಲ್ಲಿ ಬೆಳ್ಳಂದೂರಿನ ಕಡೆಯ ಜನ ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಮನೆಯಿಂದ ಹೊರಬಂದ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. 788 ಕೆರೆಗಳನ್ನು ಎಣಿಸಿದ ಇಂಜಿನಿಯರರ ಹೆಸರನ್ನು ಹೆಮ್ಮೆಯಿಂದ ಹೇಳುವ ನಾಡು, ತನ್ನ ರಾಜಧಾನಿಯ ಕೆರೆಗಳ ಲೆಕ್ಕವನ್ನು ಇಟ್ಟುಕೊಳ್ಳದೆ ಹೋದದ್ದು ವಿಷಾದದ ಸಂಗತಿ.

ಇಲ್ಲಿ ಅಧ್ಯಾಪಕರಾದ ನಮಗೂ ಒಂದು ಹೊಣೆಯಿದೆ. ಕವನ ಓದುವವನಿಗೆ ವರದಿ ಬೇಡ, ವರದಿ ಓದುವವನಿಗೆ ಕವನ ಬೇಡ ಎಂಬ ವಿಭಾಗ ನಮ್ಮ ವಿದ್ಯಾಭ್ಯಾಸದಲ್ಲಿ ಬೇರೂರಿದೆ. ಮೂಸಿಯ ವಿಷಯದಲ್ಲಿ ಕವಿಯ ಶೋಕವೂ ಇಂಜಿನಿಯರನ ಲೆಕ್ಕವೂ ಒಂದೇ ದಿನದ ಮಕ್ಕಳು. ಲೆಕ್ಕವಿಲ್ಲದ ಶೋಕ ಮುಂದಿನ ಮನೆಯನ್ನು ಉಳಿಸದು. ಶೋಕವನ್ನು ಮರೆತ ಲೆಕ್ಕ ಕಡತದಲ್ಲಿ ಉಳಿದು, ಕಾಲಾಂತರದಲ್ಲಿ ಒಂದು ಸಹಿಯಿಂದ ಅಳಿಸಿಹೋಗುತ್ತದೆ. ವಿದ್ಯಾರ್ಥಿಗಳು ಎರಡನ್ನೂ ಒಟ್ಟಿಗೆ ಓದುವಂತಾಗಬೇಕು. ಅಷ್ಟೇ ಅಲ್ಲ, ಮಳೆಗಾಲಕ್ಕೆ ಮುನ್ನ ಒಂದು ದಿನ ಪುಸ್ತಕವನ್ನು ಕೆಳಗಿಟ್ಟು, ತಮ್ಮ ಊರಿನ ಕೆರೆ ಎಲ್ಲಿತ್ತು, ಅದರ ಕೋಡಿ ಯಾವ ದಿಕ್ಕಿಗೆ ಹರಿಯುತ್ತಿತ್ತು, ಈಗ ಆ ದಾರಿಯಲ್ಲಿ ಯಾರ ಮನೆಯಿದೆ ಎಂಬುದನ್ನು ಹಿರಿಯರಿಂದ ಕೇಳಿ ತಿಳಿದು ಬರೆದಿಡಲಿ. ಯಾವ ಶಾಲೆಯಲ್ಲಿಯೂ ಮಾಡಬಹುದಾದ ಕೆಲಸವಿದು. ಮುಂದೊಂದು ದಿನ ಆ ದಾರಿಯನ್ನು ಮುಚ್ಚಲು ಯಾರಾದರೂ ಬಂದಾಗ, ಇಲ್ಲಿ ನೀರು ಹರಿಯುತ್ತದೆ ಎಂದು ಹೇಳಬಲ್ಲ ಒಬ್ಬನಾದರೂ ಊರಿನಲ್ಲಿರುತ್ತಾನೆ.