ಸಾಕೆಂಬ ಮಾತಿನ ಎರಡು ಅರ್ಥಗಳು

ನಮ್ಮ ಭಾಷೆಯಲ್ಲಿ ‘ಸಾಕು’ ಎಂಬುದೊಂದು ಚಿಕ್ಕ ಪದವಿದೆ. ಬಡಿಸುವ ಕೈಯನ್ನು ತಡೆಯುವಾಗ ನಾವು ಅದನ್ನು ಆಡುತ್ತೇವೆ. ಅಲ್ಲಿ ಅದರ ಅರ್ಥವು ‘ಇಷ್ಟೇ ಪರ್ಯಾಪ್ತ, ಇನ್ನು ಬೇಡ’ ಎಂಬುದಾಗಿ. ಅದೇ ಎರಡಕ್ಷರಗಳನ್ನು ಕ್ರಿಯಾಪದವಾಗಿ ಪ್ರಯೋಗಿಸಿದರೆ ‘ಪೋಷಿಸು, ಸಲಹು’ ಎಂಬ ಅರ್ಥವುಂಟಾಗುವುದು. ಮಕ್ಕಳನ್ನು ಸಾಕುತ್ತೇವೆ, ಹಸುವನ್ನು ಸಾಕುತ್ತೇವೆ. ಹೆರದಿದ್ದರೂ ಹೊರೆದವಳನ್ನು ಸಾಕುತಾಯಿ ಎಂದು ಕರೆಯುತ್ತೇವೆ. ನಿಘಂಟುಕಾರರು ಇವೆರಡನ್ನೂ ಬೇರೆ ಬೇರೆ ಪದಗಳೆಂದು ಎಣಿಸಬಹುದು. ಆದರೆ ಸಂಸಾರವನ್ನು ನಡೆಸತಕ್ಕವರಿಗೆ ಇವೆರಡರ ನಂಟು ನಿತ್ಯವೂ ಅನುಭವಕ್ಕೆ ಬರತಕ್ಕದ್ದಾಗಿದೆ. ಒಂದು ಕಡೆಯಲ್ಲಿ ‘ಸಾಕು’ ಎಂದವನಿಗೆ ಮಾತ್ರವೇ ಮತ್ತೊಂದು ಕಡೆಯಲ್ಲಿ ಏನನ್ನಾದರೂ ಸಾಕುವ ಶಕ್ತಿ ಉಳಿಯುವುದು. ಈ ತಿಂಗಳು ವಾಚಕರೊಡನೆ ಇದನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇನೆ.

ಸಂಸ್ಕೃತದಲ್ಲಿಯೂ ಇಂಥದೇ ಒಂದು ಅವ್ಯಯವುಂಟು. ಅದು ‘ಅಲಂ’ ಎಂಬುದು. ತೃತೀಯಾವಿಭಕ್ತಿಯ ಪದದೊಡನೆ ಅದು ಸೇರಿದಾಗ ‘ಸಾಕು, ಬೇಡ’ ಎಂಬ ನಿಷೇಧಾರ್ಥವು ತೋರುವುದು. ಚತುರ್ಥಿಯೊಡನೆ ಸೇರಿದಾಗ ಒಬ್ಬ ಜಟ್ಟಿಗೆ ಇನ್ನೊಬ್ಬ ಜಟ್ಟಿಯು ಸರಿಸಾಟಿಯಾದವನು, ಸಮರ್ಥನು ಎಂಬ ಅರ್ಥವು ಬರುವುದು. ಇನ್ನು ‘ಕೃ’ ಧಾತುವಿನೊಡನೆ ಅದು ಕೂಡಿದರೆ ಅಲಂಕಾರವೇ ಆಗಿಬಿಡುವುದು. ಸಾಕೆನ್ನುವುದು, ಸಮರ್ಥನಾಗುವುದು, ಶೋಭಿಸುವುದು ಈ ಮೂರೂ ಒಂದೇ ಅವ್ಯಯದಲ್ಲಿ ಅಡಗಿರುವುದನ್ನು ವಾಚಕರು ಗಮನಿಸಬೇಕು.

ತೃಪ್ತಿಯೆಂದರೆ ಸೋಮಾರಿತನವೆಂದು ಹಲವರು ಭಾವಿಸಿರುವರು. ‘ಇದ್ದುದರಲ್ಲಿಯೇ ಸಂತೋಷಪಟ್ಟರೆ ಮನುಷ್ಯನು ಮುಂದುವರಿಯುವುದು ಹೇಗೆ?’ ಎಂದು ಅವರು ಆಕ್ಷೇಪಿಸುವರು. ಪತಂಜಲಿ ಮಹರ್ಷಿಯ ಯೋಗಸೂತ್ರಗಳಲ್ಲಿ ಹೇಳಿರುವ ಐದು ನಿಯಮಗಳ ಕ್ರಮವನ್ನು ನೋಡಿದರೆ ಈ ಶಂಕೆಯು ಪರಿಹಾರವಾಗುವುದು. ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ ಎಂಬಿವೇ ಆ ಐದು. ಇಲ್ಲಿ ಸಂತೋಷವೆಂದರೆ ನಗೆಯೂ ಅಲ್ಲ, ಹಬ್ಬದ ಸಡಗರವೂ ಅಲ್ಲ. ದೊರೆತುದು ಸಾಕೆಂಬ ಬುದ್ಧಿ. ಅದು ಆಲಸ್ಯಕ್ಕೆ ದಾರಿಯಾಗಿದ್ದರೆ ಅದರ ಬೆನ್ನಲ್ಲಿಯೇ ತಪಸ್ಸು ಬರುತ್ತಿತ್ತೆ? ಹತ್ತು ಕಡೆ ಹರಿಯುವ ಆಸೆಯನ್ನು ಕಟ್ಟೆಹಾಕಿದ ಮೇಲೆಯೇ ಒಂದು ಕಡೆಯಲ್ಲಿ ಶ್ರಮಿಸುವುದು ಸಾಧ್ಯವೆಂಬುದು ಆ ಕ್ರಮದಿಂದ ಹೊರಡುವ ಅಭಿಪ್ರಾಯವೆಂದು ನಾನು ತಿಳಿದಿದ್ದೇನೆ.

ಇದಕ್ಕೆ ದೃಷ್ಟಾಂತವು ಬೇಕಾದರೆ ದೂರಕ್ಕೆ ಹೋಗಬೇಕಾದುದಿಲ್ಲ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯನೆಂಬ ಒಬ್ಬ ಹುಟ್ಟುಗುರುಡನು ಜನಿಸಿದನು. ಅವನ ಅಣ್ಣನಿಗೂ ಕಣ್ಣಿರಲಿಲ್ಲ. ಅಂದಿನ ಹಳ್ಳಿಯ ಬಡ ಸಂಸಾರದಲ್ಲಿ ಇಬ್ಬರು ಕುರುಡು ಮಕ್ಕಳೆಂದರೆ ತಂದೆತಾಯಿಗಳ ಸಂಕಟವು ಎಷ್ಟೆಂಬುದನ್ನು ಬೇರೆ ವಿವರಿಸಬೇಕಾದುದಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಈ ಹುಡುಗರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತಾಭ್ಯಾಸಕ್ಕೆ ಏರ್ಪಾಡು ಮಾಡಿದರು. ಆ ಗದಿಗೆಯ್ಯನೇ ಮುಂದೆ ಪಂಚಾಕ್ಷರಿ ಗವಾಯಿಗಳೆಂದು ಪ್ರಸಿದ್ಧರಾಗಿ, ಕರ್ಣಾಟಕ ಹಿಂದೂಸ್ತಾನಿ ಪದ್ಧತಿಗಳೆರಡರಲ್ಲಿಯೂ ಪಾರಂಗತರಾದುದರಿಂದ ಉಭಯಗಾನವಿಶಾರದರೆನಿಸಿದರು. ಕುರುಡರಾದ ಮತ್ತು ಬಡವರಾದ ಮಕ್ಕಳನ್ನು ಕೂಡಿಸಿಕೊಂಡು ಅವರು ನಡೆಸಿದ ಸಂಗೀತ ಪಾಠಶಾಲೆಯು ಮೊದಲು ಊರಿಂದೂರಿಗೆ ಸಂಚರಿಸುತ್ತಿದ್ದು, ಕಡೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡಿತು.

1944ರಲ್ಲಿ ಅವರು ಕಾಲವಾದ ಮೇಲೆ ಆ ಭಾರವನ್ನು ಹೊತ್ತವರು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು. 1914ರಲ್ಲಿ ಹುಟ್ಟಿದ ಇವರೂ ಹಸುಳೆತನದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಇವರು ಗ್ರಂಥಗಳನ್ನು ರಚಿಸಿದರು. ಆಶ್ರಮದ ಮಕ್ಕಳ ಅನ್ನಕ್ಕಾಗಿ ನಾಟಕಮಂಡಲಿಯನ್ನೂ ನಡೆಸಿದರು. ತಾವೆಂದೂ ಕಣ್ಣಿನಿಂದ ಕಾಣಲಾರದ ರಂಗಸ್ಥಳದಿಂದ ನೂರಾರು ಮಕ್ಕಳಿಗೆ ತುತ್ತನ್ನು ದೊರಕಿಸಿದ ಈ ಮಹನೀಯರು 2010ರಲ್ಲಿ ದೇಹಬಿಡುವವರೆಗೆ 66 ವರ್ಷಗಳ ಕಾಲ ಅದೇ ಕಾರ್ಯದಲ್ಲಿ ನಿಂತರು. ಆಶ್ರಮವು ಇಂದಿಗೂ ನಡೆಯುತ್ತಿದೆ.

ಈ ಗುರುಶಿಷ್ಯರ ಬಾಳಿನಲ್ಲಿ ನಾವು ವಿಚಾರಿಸತಕ್ಕ ಅಂಶವು ಒಂದಿದೆ. ಕಣ್ಣಿಲ್ಲವೆಂಬ ಮಿತಿಯನ್ನು ಅವರು ಅಂಗೀಕರಿಸಿದರು. ಅದರೊಡನೆ ಜಗಳವಾಡುತ್ತ ಆಯುಷ್ಯವನ್ನು ಕಳೆಯಲಿಲ್ಲ. ಕಂಠ, ಕಿವಿ, ಜ್ಞಾಪಕಶಕ್ತಿ ಈ ಮೂರನ್ನು ಬಂಡವಾಳವಾಗಿ ಹಿಡಿದರು. ಆದರೆ ಕುರುಡನಿಗೆ ವಿದ್ಯೆ ಏತಕ್ಕೆ, ಅವನು ಬೇಡಿ ಬದುಕತಕ್ಕವನು ಎಂಬ ಲೋಕದ ತೀರ್ಮಾನವನ್ನು ಅವರು ಎಳ್ಳಷ್ಟೂ ಅಂಗೀಕರಿಸಲಿಲ್ಲ. ಮೊದಲನೆಯದು ದೈವವು ಹಾಕಿದ ಗೆರೆ. ಎರಡನೆಯದು ಮನುಷ್ಯರು ಎಳೆದ ಗೆರೆ. ಮೊದಲನೆಯದಕ್ಕೆ ತಲೆಬಾಗುವುದು ವಿವೇಕ; ಎರಡನೆಯದಕ್ಕೆ ತಲೆಬಾಗುವುದು ಹೇಡಿತನ. ಈ ಎರಡು ಗೆರೆಗಳನ್ನು ಬೇರ್ಪಡಿಸಿ ನೋಡದೆ ‘ಎಲ್ಲವೂ ಹಣೆಯಬರಹ’ ಎನ್ನುವವನ ತೃಪ್ತಿಯು ತೃಪ್ತಿಯಲ್ಲ. ಅದು ಬಳಲಿಕೆಯ ಇನ್ನೊಂದು ಹೆಸರು.

ಇನ್ನೊಂದು ದೃಷ್ಟಾಂತವು ಹನ್ನೆರಡನೆಯ ಶತಮಾನದ್ದು, ನಮ್ಮ ಹೆಣ್ಣುಮಕ್ಕಳೆಲ್ಲರೂ ಬಲ್ಲದ್ದು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ದಂಪತಿಗಳು ಕಲ್ಯಾಣದಲ್ಲಿ ವಾಸಿಸುತ್ತಿದ್ದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಟ್ಟು ಜಂಗಮರಿಗೆ ಬಡಿಸಿ ತಾವೂ ಉಣ್ಣುವುದು ಇಬ್ಬರ ವ್ರತ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನೆಂದೂ, ಲಕ್ಕಮ್ಮನು ಅದನ್ನು ಕಂಡು ಗಂಡನನ್ನು ಆಕ್ಷೇಪಿಸಿ, ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳೆಂದೂ ಐತಿಹ್ಯವು ಹೇಳುವುದು. ಆ ಮನೆಯಲ್ಲಿ ಕಣಜವಿರಲಿಲ್ಲ. ನಾಳೆಗೆ ಉಳಿದರೆ ಒಳ್ಳೆಯದಲ್ಲವೆ ಎಂದು ನಾವು ಕೇಳುವೆವು. ಆದರೆ ಲಕ್ಕಮ್ಮನಿಗೆ ತನ್ನ ಮನೆಯಲ್ಲಿ ಮುಖ್ಯವಾದುದು ಯಾವುದೆಂಬುದು ತಿಳಿದಿತ್ತು. ದಿನದ ದುಡಿಮೆ, ದಿನದ ದಾಸೋಹ, ಯಾರ ಋಣವೂ ಇಲ್ಲದ ಮನಸ್ಸು, ಇವುಗಳಿಗೆ ಭಂಗ ಬರುವುದಾದರೆ ಹೆಚ್ಚಿನ ಅಕ್ಕಿಯೂ ಭಾರವೇ ಸರಿ. ಸಾಕೆಂದವಳು ಆಕೆ, ಆದರೂ ಆ ಮನೆಯಲ್ಲಿ ನಾಲ್ವರು ಉಂಡರು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ಈ ಲೇಖನವು ಅನ್ಯಾಯಕ್ಕೆ ಸಾಧನವಾದೀತು. ಲಕ್ಕಮ್ಮನು ಸಾಕೆಂದದ್ದು ತನ್ನ ಮನೆಯ ಪಾಲನ್ನು ಕುರಿತು. ನೆರೆಮನೆಯ ಪಾಲನ್ನು ಕುರಿತಲ್ಲ. ತನ್ನ ಎಲೆಯ ಮೇಲೆ ಸಾಕೆನ್ನುವುದು ಧರ್ಮ. ಇನ್ನೊಬ್ಬರ ಎಲೆಗೆ ಕೈ ಅಡ್ಡ ಹಿಡಿದು ‘ನಿನಗೆ ಇಷ್ಟು ಸಾಕು’ ಎನ್ನುವುದು ಕ್ರೌರ್ಯ. ಕೂಲಿಯವನಿಗೆ ಸಂತೃಪ್ತಿಯನ್ನು ಬೋಧಿಸುವ ಧಣಿಯನ್ನೂ, ಸೊಸೆಗೆ ಸಹನೆಯನ್ನು ಬೋಧಿಸುವ ಮನೆಯವರನ್ನೂ ನಾವು ಕಂಡಿಲ್ಲವೆ? ‘ಹುಡುಗಿಗೆ ಇಷ್ಟು ಓದು ಸಾಕು’ ಎಂದು ತಂದೆಯು ಹೇಳಿದ ಮಾರನೆಯ ದಿನದಿಂದ ತರಗತಿಯಲ್ಲಿ ಒಂದು ಸ್ಥಳವು ಬರಿದಾಗುವುದನ್ನು ಅಧ್ಯಾಪಕ ವೃತ್ತಿಯಲ್ಲಿ ನಾನು ಎಷ್ಟೋ ಸಲ ನೋಡಿದ್ದೇನೆ. ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮೇಲೆ ಗೆರೆ ಎಳೆಯುವಾಗ ಕೈ ಭಾರವಾಗುವುದು. ಅದು ಆ ಹುಡುಗಿಯ ಸಾಕಲ್ಲ. ಹಾಗೆಯೇ, ಎಲ್ಲರಿಗೂ ಬಡಿಸಿ ಕಡೆಗೆ ಕುಳಿತ ಗೃಹಿಣಿಯು ‘ನನಗೆ ಸಾಕು’ ಎಂದರೆ, ಹೊಟ್ಟೆ ತುಂಬಿ ಹೇಳಿದಳೊ ಪಾತ್ರೆ ಬರಿದಾಗಿ ಹೇಳಿದಳೊ ಎಂಬುದನ್ನು ಎದ್ದು ಹೋಗಿ ನೋಡುವುದು ಉಳಿದವರ ಕರ್ತವ್ಯ.

ಇನ್ನು ನಮ್ಮ ಕಾಲದ ಸಂಸಾರಗಳ ಮಾತು. ಹಿಂದೆ ನೆರೆಹೊರೆಯ ನಾಲ್ಕು ಮನೆಗಳ ವೈಭವವು ಮಾತ್ರ ಕಣ್ಣಿಗೆ ಬೀಳುತ್ತಿತ್ತು. ಈಗ ಅಂಗೈಯಲ್ಲಿನ ಮೊಬೈಲಿನ ಮೂಲಕ ಲೋಕದ ಮನೆಗಳೆಲ್ಲವೂ ಹಗಲಿರುಳು ಕಾಣಿಸುವುವು. ಬೇಡಿಕೆಯ ಪಟ್ಟಿಯು ಬೆಳೆಯುವುದು. ಆದರೆ ದಿನಕ್ಕೆ 24 ಗಂಟೆಗಳೆಂಬುದು ಬೆಳೆಯಲಿಲ್ಲ, ಮೈಯ ಶಕ್ತಿಯೂ ಬೆಳೆಯಲಿಲ್ಲ. ಮಗಳ ಮದುವೆಗೆ ದೊಡ್ಡ ಕಲ್ಯಾಣಮಂಟಪವೇ ಆಗಬೇಕೆಂದು ಸಾಲ ಮಾಡಿದ ಮನೆಯಲ್ಲಿ, ಅಜ್ಜಿಯ ಕಣ್ಣಿನ ಪೊರೆಯನ್ನು ತೆಗೆಸುವ ಕೆಲಸವು ವರ್ಷದಿಂದ ವರ್ಷಕ್ಕೆ ಮುಂದೂಡಲ್ಪಡುವುದು. ಕಂತು ತೀರಿಸುವುದಕ್ಕಾಗಿ ತಂದೆಯು ರಾತ್ರಿ ಹತ್ತು ಗಂಟೆಗೆ ಬರುವ ಮನೆಯಲ್ಲಿ ಮಗುವಿನ ಪಾಠವನ್ನು ಕೇಳುವವರಿರುವುದಿಲ್ಲ. ಇಂಥ ಮನೆಗಳವರು ದುಷ್ಟರಲ್ಲ, ಪ್ರೀತಿಯಿಲ್ಲದವರೂ ಅಲ್ಲ. ಯಾವುದಕ್ಕೂ ಸಾಕೆನ್ನಲಿಲ್ಲವಾಗಿ, ಯಾವುದನ್ನು ಸಾಕಬೇಕಾಗಿತ್ತೊ ಅದೇ ಸೊರಗಿತು. ನಡೆದ ಸಂಗತಿಯು ಇಷ್ಟೆ. ಆರಿಸದೆ ಬಿಟ್ಟರೂ ಒಂದು ಆಯ್ಕೆಯು ನಡೆದೇ ಹೋಗುವುದು. ಗದ್ದಲ ಮಾಡುವ ಆಸೆಗೆ ಮೊದಲು ಸಲ್ಲುವುದು, ಬಾಯಿಬಿಟ್ಟು ಕೇಳಲಾರದ ಮುದುಕಿಗೂ ಮಗುವಿಗೂ ಕಡೆಗೆ ಸಲ್ಲುವುದು.

ಆದುದರಿಂದ ಮನೆಯ ಲೆಕ್ಕದ ಪುಸ್ತಕವನ್ನಿಡುವ ಸೋದರಸೋದರಿಯರಿಗೆ ನನ್ನದೊಂದು ಸೂಚನೆಯುಂಟು. ತಿಂಗಳ ಆದಾಯವ್ಯಯಗಳನ್ನು ಬರೆದಾದ ಮೇಲೆ ಒಂದು ಹಾಳೆಯನ್ನು ನಡುವೆ ಗೆರೆಯೆಳೆದು ಎರಡು ಭಾಗ ಮಾಡಿರಿ. ಎರಡಕ್ಕೂ ತಲೆಬರೆಹವು ‘ಸಾಕು’ ಎಂದೇ ಇರಲಿ. ಎಡಗಡೆಯಲ್ಲಿ, ಈ ವರ್ಷ ನಮಗೆ ಯಾವುದು ಇಷ್ಟೇ ಸಾಕೆಂಬುದನ್ನೂ, ಬಲಗಡೆಯಲ್ಲಿ, ಏನಾದರೂ ಸರಿಯೆ ಯಾವುದನ್ನು ಸಾಕಿ ಬೆಳೆಸಬೇಕೆಂಬುದನ್ನೂ ಮನೆಯವರೆಲ್ಲರೂ ಕುಳಿತು ಬರೆಯಿರಿ. ಬಲಗಡೆಯಲ್ಲಿ ಎರಡು ಮೂರು ಹೆಸರುಗಳಿಗಿಂತ ಹೆಚ್ಚು ಬೇಡ. ಎಡಗಡೆಯಲ್ಲಿ ಯಾರ ಆಸೆಯನ್ನು ಬರೆಯುವಿರೋ ಅವರ ಕೈಯಿಂದಲೇ ಬರೆಯಿಸಿರಿ. ಅವರ ಪರವಾಗಿ ಇನ್ನೊಬ್ಬರು ಬರೆಯತಕ್ಕದ್ದಲ್ಲ. ಎಡಗಡೆಯು ತುಂಬುತ್ತ ಬಂದಂತೆ ಬಲಗಡೆಗೆ ಎಷ್ಟು ಹಣ, ಎಷ್ಟು ಹೊತ್ತು, ಎಷ್ಟು ಸಮಾಧಾನ ಒದಗುವುದೆಂಬುದನ್ನು ವರ್ಷದ ಕಡೆಯಲ್ಲಿ ನೀವೇ ಕೂಡಿ ನೋಡಬಹುದು.