ರೋಗವಿಲ್ಲದ ಎಕ್ಸ್‌ರೇಗೂ ಅಂಕ ಇರಲಿ

ರೇಡಿಯಾಲಜಿ ಎಂ.ಡಿ. ಪ್ರಾಯೋಗಿಕ ಪರೀಕ್ಷೆಯಲ್ಲಿ ಚಿತ್ರ ನೋಡಿ ಕಾಯಿಲೆ ಗುರುತಿಸುವ ‘ಸ್ಪಾಟರ್’ ಸುತ್ತಿಗೆ ಕುಳಿತ ವಿದ್ಯಾರ್ಥಿಗೆ ಪರದೆಯ ಮೇಲೆ ಚಿತ್ರ ಮೂಡುವ ಮೊದಲೇ ಒಂದು ಸಂಗತಿ ಗೊತ್ತಿರುತ್ತದೆ: ಇದರಲ್ಲಿ ಏನೋ ಒಂದು ಕಾಯಿಲೆ ಇದೆ. ಇಲ್ಲದಿದ್ದರೆ ಪರೀಕ್ಷಕರು ಇದನ್ನೇ ಯಾಕೆ ಆರಿಸುತ್ತಿದ್ದರು? ಹರಿಹರದಂಥ ತಾಲ್ಲೂಕು ಊರಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ವೈದ್ಯರ ಕೈಗೆ ಬರುವ ಎದೆಯ ಎಕ್ಸ್‌ರೇ ಇಂಥ ಸುಳಿವನ್ನು ಹೊತ್ತು ಬರುವುದಿಲ್ಲ. ಇದರಲ್ಲಿ ಏನಾದರೂ ಇದೆಯೇ, ರೋಗಿಯನ್ನು ಮನೆಗೆ ಕಳಿಸಬಹುದೇ, ಆಂಬುಲೆನ್ಸ್‌ನಲ್ಲಿ ದಾವಣಗೆರೆಗೆ ಕಳಿಸಬೇಕೇ ಎಂಬುದೇ ಅಲ್ಲಿನ ಪ್ರಶ್ನೆ. ಕಾಯಿಲೆಯ ಹೆಸರಿನ ಮಾತು ಆಮೇಲೆ.

ಚಿತ್ರ ಆಧಾರಿತ ಪರೀಕ್ಷೆಯನ್ನು ಬ್ರೌಸರಿಗೆ ತರಬೇಕು ಎಂಬ ಮಾತು ವೈದ್ಯಕೀಯ ಶಿಕ್ಷಣದಲ್ಲಿ ಹಳೆಯದಾಗುತ್ತ ಬಂದಿದೆ. ದಾವಣಗೆರೆಯಲ್ಲಿ ಅದಕ್ಕೆ ಬೇಕಾದ ಸರಂಜಾಮು ಒಂದೇ ಊರಿನೊಳಗಿದೆ. 1965ರಲ್ಲಿ ಶುರುವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 2006ರ ಎಸ್.ಎಸ್. ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಎರಡರಲ್ಲೂ ರೇಡಿಯಾಲಜಿ ಪಿ.ಜಿ. ಕೋರ್ಸ್ ಇದೆ. ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆಗಳಿಗೆ ಸುತ್ತಲಿನ ಜಿಲ್ಲೆಗಳ ರೋಗಿಗಳೂ ಬರುತ್ತಾರೆ. ಸಾಫ್ಟ್‌ವೇರ್ ಬರೆಯಲು 1951ರ ಬಿ.ಡಿ.ಟಿ. ಕಾಲೇಜೂ 1979ರ ಬಾಪೂಜಿ ಎಂಜಿನಿಯರಿಂಗ್ ಕಾಲೇಜೂ ಇವೆ. ಕಟ್ಟಬಹುದು, ಅನುಮಾನವಿಲ್ಲ. ಏನನ್ನು ಕಟ್ಟಬೇಕು ಎಂಬಲ್ಲಿ ನನಗೆ ತಕರಾರಿದೆ. ಈಗಿರುವ ಸ್ಲೈಡುಗಳನ್ನೇ ವೆಬ್‌ಪುಟಕ್ಕೆ ಏರಿಸಿ, ಕೆಳಗೆ ನಾಲ್ಕು ಆಯ್ಕೆ ಕೊಟ್ಟು, ಅಂಕ ಎಣಿಸುವ ಕೆಲಸವನ್ನು ಕಂಪ್ಯೂಟರಿಗೆ ವಹಿಸುವುದಾದರೆ ಪರೀಕ್ಷಕರ ಸಂಜೆ ಉಳಿಯುತ್ತದೆ, ಅಷ್ಟೇ.

ಕಾರಣ ಚಿತ್ರದಲ್ಲೇ ಇದೆ. ಸಿ.ಟಿ. ಯಂತ್ರ ದೇಹದ ಪ್ರತಿ ಬಿಂದುವಿಗೂ ಒಂದು ಅಂಕಿ ಕೊಡುತ್ತದೆ: ಗಾಳಿಗೆ ಮೈನಸ್ 1000, ನೀರಿಗೆ ಸೊನ್ನೆ, ಗಟ್ಟಿ ಮೂಳೆಗೆ ಸಾವಿರ, ಅದಕ್ಕೂ ಮೇಲೆ. ಇಷ್ಟು ಛಾಯೆಗಳನ್ನು ಒಟ್ಟಿಗೆ ಬೇರ್ಪಡಿಸಿ ನೋಡುವ ಶಕ್ತಿ ಕಣ್ಣಿಗಿಲ್ಲ. ಅದಕ್ಕೇ ರೇಡಿಯಾಲಜಿಸ್ಟ್ ‘ವಿಂಡೋ’, ಅಂದರೆ ಪರದೆಯಲ್ಲಿ ಕಾಣಿಸುವ ಅಂಕಿಗಳ ವ್ಯಾಪ್ತಿ, ಬದಲಿಸುತ್ತ ನೋಡುತ್ತಾರೆ. ಮಿದುಳಿಗೆ 80ರ ಅಗಲದ ವಿಂಡೋ, ಹೊಸ ಪಾರ್ಶ್ವವಾಯುವಿನ ಗುಮಾನಿ ಇದ್ದರೆ ಇನ್ನೂ ಕಿರಿದು, ತಲೆಬುರುಡೆಗೆ ಅಂಟಿಕೊಂಡ ತೆಳುವಾದ ರಕ್ತದ ಪದರ ಕಾಣಬೇಕಾದರೆ ಅಗಲ. ಪ್ರಶ್ನೆಪತ್ರಿಕೆಗೆಂದು ಒಂದು ಜೆಪೆಗ್ ತೆಗೆದಾಗ ಈ ಆಯ್ಕೆಯನ್ನು ಪರೀಕ್ಷಕರು ಮಾಡಿ ಮುಗಿಸಿರುತ್ತಾರೆ, ಉಳಿಯುವುದು 256 ಬೂದು ಛಾಯೆ ಮಾತ್ರ. ಜೊತೆಗೆ ನೂರಾರು ಸೀಳುಗಳಲ್ಲಿ ರೋಗವಿರುವ ಒಂದನ್ನು ಹುಡುಕಿಕೊಟ್ಟಿರುತ್ತಾರೆ. ಕೆಲವೊಮ್ಮೆ ಮೇಲೊಂದು ಬಾಣದ ಗುರುತೂ ಇರುತ್ತದೆ! ವಿದ್ಯಾರ್ಥಿಗೆ ಉಳಿಯುವುದು ಹೆಸರು ಹೇಳುವ ಕೆಲಸ.

ತಪ್ಪುಗಳು ಹುಟ್ಟುವುದು ಬಹುಪಾಲು ಬೇರೆ ಕಡೆ. ಶ್ವಾಸಕೋಶದ ಸಣ್ಣ ಗಂಟುಗಳು ವೈದ್ಯರ ಕಣ್ಣು ತಪ್ಪುವ ಬಗೆಯನ್ನು ಅಮೆರಿಕದ ಹೆರಾಲ್ಡ್ ಕುಂಡೆಲ್, ಕ್ಯಾಲ್ವಿನ್ ನೋಡೀನ್ ಮತ್ತು ಸಂಗಡಿಗರು 1978ರಲ್ಲಿ ದೃಷ್ಟಿಯ ಚಲನೆಯನ್ನೇ ದಾಖಲಿಸಿ ವಿಂಗಡಿಸಿದರು. ತಪ್ಪಿದ ಗಂಟುಗಳ ಪೈಕಿ ಸುಮಾರು ಶೇ 30ರಲ್ಲಿ ಕಣ್ಣು ಆ ಜಾಗಕ್ಕೆ ಹೋಗಿಯೇ ಇರಲಿಲ್ಲ. ಸುಮಾರು ಶೇ 25ರಲ್ಲಿ ಕಣ್ಣು ಹೋಗಿತ್ತು, ಗುರುತು ಹತ್ತಲಿಲ್ಲ. ಉಳಿದ ಶೇ 45ರಷ್ಟರಲ್ಲಿ ಕಣ್ಣು ಅಲ್ಲೇ ಬಹಳ ಹೊತ್ತು ನಿಂತಿದ್ದರೂ ‘ಏನಿಲ್ಲ ಬಿಡು’ ಎಂಬ ತೀರ್ಮಾನವಾಗಿತ್ತು. ನಮ್ಮ ಸ್ಪಾಟರ್ ಅಳೆಯುವುದು ನಡುವಿನ ಆ ಒಂದು ಪಾಲನ್ನು. ಹುಡುಕುವುದನ್ನೂ ತೀರ್ಮಾನಿಸುವುದನ್ನೂ ಮುಟ್ಟುವುದೇ ಇಲ್ಲ. ನಿರೀಕ್ಷೆ ಕಣ್ಣನ್ನು ಎಷ್ಟರಮಟ್ಟಿಗೆ ಕಟ್ಟಿಹಾಕುತ್ತದೆ ಎಂಬುದಕ್ಕೆ 2013ರಲ್ಲಿ ಟ್ರಾಫ್ಟನ್ ಡ್ರೂ ಮತ್ತಿತರರು ಪ್ರಕಟಿಸಿದ ಪ್ರಯೋಗವೂ ಇದೆ. ಶ್ವಾಸಕೋಶದ ಸಿ.ಟಿ.ಯಲ್ಲಿ ಗಂಟು ಹುಡುಕಿ ಎಂದು ಹೇಳಿ, ಅದೇ ಸಿ.ಟಿ.ಯೊಳಗೆ ಗೊರಿಲ್ಲಾದ ಚಿತ್ರ ಸೇರಿಸಿದ್ದರು. 24 ರೇಡಿಯಾಲಜಿಸ್ಟರಲ್ಲಿ 20 ಮಂದಿಗೆ ಅದು ಕಾಣಲಿಲ್ಲ.

ಹಾಗಾಗಿ ದಾವಣಗೆರೆಯಲ್ಲಿ ಬ್ರೌಸರ್ ಪರೀಕ್ಷೆಯನ್ನು ಕಟ್ಟುವುದಾದರೆ ಮೊದಲ ನಿಯಮ: ಪ್ರಶ್ನೆಗಳಲ್ಲಿ ಅರ್ಧದಷ್ಟು ನಾರ್ಮಲ್ ಚಿತ್ರಗಳಿರಲಿ. ಇದೇನೂ ಹೊಸ ಹುಚ್ಚಲ್ಲ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ರೇಡಿಯಾಲಜಿಸ್ಟ್ಸ್ ತನ್ನ ಎಫ್.ಆರ್.ಸಿ.ಆರ್. ಅಂತಿಮ ಪರೀಕ್ಷೆಯಲ್ಲಿ ಬಹುಕಾಲ ‘ರ‍್ಯಾಪಿಡ್ ರಿಪೋರ್ಟಿಂಗ್’ ಎಂಬ ಸುತ್ತು ನಡೆಸಿತು: 35 ನಿಮಿಷ, 30 ಎಕ್ಸ್‌ರೇ, ಸುಮಾರು ಅರ್ಧ ನಾರ್ಮಲ್. ಚೆನ್ನಾಗಿರುವ ಮೂಳೆಯನ್ನು ಮುರಿದಿದೆ ಎಂದವರೂ ಅಂಕ ಕಳೆದುಕೊಳ್ಳುತ್ತಿದ್ದರು. ಇದು ನ್ಯಾಯವೇ. ಇಲ್ಲದ ಕಾಯಿಲೆ ಕಂಡರೆ ಬಡ ರೋಗಿಯ ಜೇಬಿನಿಂದ ಒಂದು ಸಿ.ಟಿ.ಯ ದುಡ್ಡು ಹೋಗುತ್ತದೆ.

ಎರಡನೆಯದು, ಆಯ್ಕೆಗಳ ಬದಲು ಕ್ಲಿಕ್. ವಿದ್ಯಾರ್ಥಿ ಚಿತ್ರದ ಮೇಲೆ ರೋಗವಿರುವ ಜಾಗವನ್ನೇ ಒತ್ತಿ ತೋರಿಸಬೇಕು, ಇಲ್ಲವೇ ನಾರ್ಮಲ್ ಎನ್ನಬೇಕು. ಇದಕ್ಕೆ ಭಾರೀ ಟೆಂಡರ್ ಬೇಕಿಲ್ಲ. ಚಿತ್ರದ ಮೇಲೆ ಗುರುತು ಇಡಿಸಿ ಅಂಕ ಕೊಡುವ ಸೌಲಭ್ಯ ಉಚಿತವಾಗಿ ಸಿಗುವ ಕಲಿಕಾ ತಂತ್ರಾಂಶ ಮೂಡಲ್‌ನಲ್ಲೇ ಇದೆ. ಸಿ.ಟಿ., ಎಂ.ಆರ್.ಐ.ಗಳನ್ನು ಯಂತ್ರದಿಂದ ಬಂದ ಮೂಲ ಡೈಕಾಂ ಫೈಲಿನ ರೂಪದಲ್ಲೇ ಇಟ್ಟುಕೊಳ್ಳಲು ಬೆಲ್ಜಿಯಂನಲ್ಲಿ ಹುಟ್ಟಿದ ಆರ್ಥಾಂಕ್, ಬ್ರೌಸರಿನಲ್ಲಿ ವಿಂಡೋ ಬದಲಿಸುತ್ತ ಸೀಳುಗಳನ್ನು ಸರಿಸಿ ನೋಡಲು ಕಾರ್ನರ್‌ಸ್ಟೋನ್ ಇವೆ, ಎರಡೂ ಮುಕ್ತ ತಂತ್ರಾಂಶ. ಇವನ್ನು ಪರೀಕ್ಷೆಗೆ ಹೊಂದಿಸುವ ಕೆಲಸ ಒಳ್ಳೆಯ ಎಂಜಿನಿಯರಿಂಗ್ ಪ್ರಾಜೆಕ್ಟ್ ಆದೀತು. ಹಾಜರಾತಿ ಆ್ಯಪ್ ಮಾಡಿ ಮಾಡಿ ವಿದ್ಯಾರ್ಥಿಗಳಿಗೂ ಸಾಕಾಗಿರಬೇಕು.

ತೊಡಕು ಬರುವುದು ಪರೀಕ್ಷಾ ಹಾಲ್‌ನಲ್ಲಿ. ಸಿ.ಟಿ.ಯ ಒಂದು ಸೀಳು ಸುಮಾರು ಅರ್ಧ ಎಂ.ಬಿ., 300 ಸೀಳಿನ ಒಂದು ಸ್ಕ್ಯಾನ್ 150 ಎಂ.ಬಿ. ಮೂವತ್ತು ಜನ ಒಂದೇ ಸಲ ತೆರೆದರೆ ನಾಲ್ಕೂವರೆ ಜಿ.ಬಿ. ಸರ್ವರ್ ಎಲ್ಲೋ ದೂರದಲ್ಲಿದ್ದರೆ ಪರೀಕ್ಷೆಯ ಅರ್ಧ ಸಮಯ ತಿರುಗುವ ಚಕ್ರ ನೋಡುವುದರಲ್ಲೇ ಹೋಗುತ್ತದೆ. ಸರ್ವರ್ ಕಾಲೇಜಿನೊಳಗೇ ಇರಬೇಕು, ಚಿತ್ರಗಳು ಮೊದಲೇ ಇಳಿದಿರಬೇಕು. ಮಾನಿಟರ್‌ಗಳದ್ದು ಇನ್ನೊಂದು ಕಥೆ. ಕಿಟಕಿ ಪಕ್ಕದ ಪರದೆಯಲ್ಲಿ ಬೆಳಕು ಬಿದ್ದು ಸಣ್ಣ ಗಂಟು ಕರಗಿಹೋದರೆ ಅದು ವಿದ್ಯಾರ್ಥಿಯ ತಪ್ಪಲ್ಲ. ಸೊನ್ನೆ ಮತ್ತು ಶೇ 5ರ, ಹಾಗೇ ಶೇ 95 ಮತ್ತು 100ರ ಬೂದು ಚೌಕಗಳಿರುವ ಎಸ್‌.ಎಂ.ಪಿ.ಟಿ.ಇ. ಪರದೆ ತಪಾಸಣೆಯ ಚಿತ್ರವನ್ನು ಮೊದಲು ತೋರಿಸಿ, ಚೌಕದೊಳಗಿನ ಚೌಕ ಕಂಡಿತೇ ಎಂದು ಕೇಳಿದ ಮೇಲಷ್ಟೇ ಗಡಿಯಾರ ಓಡಲಿ.

ಚಿತ್ರಗಳು ಮಾತ್ರ ಇಲ್ಲಿಯವೇ ಆಗಬೇಕು. 2005ರಲ್ಲಿ ಆಸ್ಟ್ರೇಲಿಯಾದ ಫ್ರಾಂಕ್ ಗೇಲಾರ್ಡ್ ಶುರುಮಾಡಿದ ರೇಡಿಯೋಪೀಡಿಯಾ ದೊಡ್ಡ ಉಪಕಾರವೇ ಸರಿ, ನಮ್ಮ ಪಿ.ಜಿ.ಗಳೂ ಅದನ್ನು ನೋಡುತ್ತಾರೆ. ಆದರೆ ಜಗಳೂರು ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ವರ್ಷಗಟ್ಟಲೆ ಮೈಸೇರಿದರೆ ಬೆನ್ನೆಲುಬು ಹೇಗೆ ಸುಣ್ಣದಂತೆ ಬೆಳ್ಳಗಾಗುತ್ತದೆ, ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಹೇಗೆ ಗಟ್ಟಿಯಾಗುತ್ತದೆ ಎಂಬುದು ನಮ್ಮ ಹೊರರೋಗಿ ವಿಭಾಗದಲ್ಲಿ ನೋಡಿ ಕಲಿಯುವ ಸಂಗತಿ. ಕ್ಷಯದ ನೂರು ಮುಖಗಳೂ ಹಾಗೆಯೇ. ಚಿತ್ರ ಸೇರಿಸುವಾಗ ಫೈಲಿನ ತಲೆಬರಹದಲ್ಲಿರುವ ಹೆಸರು ಅಳಿಸಿದರೆ ಸಾಲದು. ಅಲ್ಟ್ರಾಸೌಂಡಿನಲ್ಲಿ ಹೆಸರು, ದಿನಾಂಕ ಚಿತ್ರದ ಮೇಲೆಯೇ ಅಚ್ಚಾಗಿರುತ್ತವೆ. 2023ರ ದತ್ತಾಂಶ ರಕ್ಷಣಾ ಕಾಯ್ದೆ ಬಂದ ಮೇಲೂ ವ್ಯೂ ಬಾಕ್ಸಿನ ಫಿಲಂಗೆ ಮೊಬೈಲ್ ಹಿಡಿದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಚಾಳಿ ಹೋಗಿಲ್ಲ, ಪರೀಕ್ಷೆಯ ಚಿತ್ರಸಂಗ್ರಹವನ್ನು ಅದರಿಂದ ಕಟ್ಟುವಂತಿಲ್ಲ. ಭ್ರೂಣದ ಲಿಂಗ ಕಾಣುವ ಚಿತ್ರಕ್ಕಂತೂ ಜಾಗವೇ ಇರಕೂಡದು, ಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಕಣ್ಣೆದುರಿದೆ.

ಇಷ್ಟು ಕಟ್ಟಿ ಅದನ್ನು ವರ್ಷಕ್ಕೊಮ್ಮೆ ಪಿ.ಜಿ.ಗಳ ಮುಂದಷ್ಟೇ ಇಡುವುದು ದಂಡ. ಹದಿನಾಲ್ಕು ಕಿಲೋಮೀಟರ್ ಆಚೆ ಹರಿಹರದಲ್ಲಿ, ಹೆದ್ದಾರಿಯಲ್ಲಿ ಬಿದ್ದವರ ಮಣಿಕಟ್ಟಿನ ಎಕ್ಸ್‌ರೇ ನೋಡುವ ಎಂ.ಬಿ.ಬಿ.ಎಸ್. ವೈದ್ಯರಿಗೂ ತಿಂಗಳಿಗೆ ಹತ್ತು ಚಿತ್ರ ಹೋಗಲಿ, ಅಂಕದ ಭಯವಿಲ್ಲದೆ. ಅವರ ಪ್ರಶ್ನೆಗಳಲ್ಲಿ ಉತ್ತರದ ರೀತಿಯೂ ಬದಲಾಗಬೇಕು. ಹೆಬ್ಬೆರಳ ಬುಡದ ಸ್ಕಾಫಾಯ್ಡ್ ಮೂಳೆ ಬಿರುಕು ಬಿಟ್ಟರೂ ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದಿರಬಹುದು. ಅಲ್ಲಿ ‘ಏನೂ ಕಾಣುತ್ತಿಲ್ಲ, ಆದರೂ ಪಟ್ಟಿ ಕಟ್ಟಿ ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ತೆಗೆಸಿ’ ಎಂಬುದೇ ಪೂರ್ಣ ಅಂಕದ ಉತ್ತರ. ನಾಲ್ಕು ಆಯ್ಕೆಗಳಲ್ಲಿ ಒಂದು ಕಾಯಿಲೆಯ ಹೆಸರು ಆರಿಸುವ ಪರೀಕ್ಷೆಗೆ ಇದನ್ನು ಕೇಳಲು ಬರುವುದಿಲ್ಲ.

ಇನ್ನುಳಿದದ್ದು ಉತ್ತರಪಟ್ಟಿ. ಅದನ್ನು ಒಬ್ಬ ಪ್ರಾಧ್ಯಾಪಕರು ಕೂತು ಬರೆದರೆ ಆಗದು. ಎರಡೂ ಕಾಲೇಜುಗಳ ಮೂವರು ಪರೀಕ್ಷಕರು, ಒಬ್ಬರ ಉತ್ತರ ಇನ್ನೊಬ್ಬರಿಗೆ ತಿಳಿಯದಂತೆ, ಅದೇ ಪರದೆಯ ಮುಂದೆ ಅದೇ ಗಡಿಯಾರದಡಿ ಆ ಪರೀಕ್ಷೆಯನ್ನು ಮೊದಲು ತಾವೇ ಬರೆಯಲಿ. ಮೂವರ ಕ್ಲಿಕ್ ಒಂದೇ ಕಡೆ ಬಿದ್ದ, ಇಲ್ಲವೇ ಮೂವರೂ ನಾರ್ಮಲ್ ಎಂದ ಚಿತ್ರಗಳು ಮಾತ್ರ ಅಂಕದ ಪರೀಕ್ಷೆಗೆ ಬರಲಿ. ಉಳಿದವನ್ನು ತರಗತಿಗೆ ಒಯ್ದು, ಗುರುಗಳ ನಡುವೆಯೇ ಭಿನ್ನಾಭಿಪ್ರಾಯ ಬಂದದ್ದು ಎಲ್ಲಿ, ಯಾಕೆ ಎಂದು ಪಿ.ಜಿ.ಗಳ ಎದುರೇ ಚರ್ಚಿಸಬೇಕು. ಇದಕ್ಕೆ ಹಿರಿಯರು ಒಪ್ಪುವರೇ ಎಂಬುದು ಸಾಫ್ಟ್‌ವೇರಿಗಿಂತ ಕಷ್ಟದ ಪ್ರಶ್ನೆ. ಪರೀಕ್ಷೆ ನಡೆಸುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೇ ನಿಯಮ ಮಾಡಿದರೆ ಒಪ್ಪಿಯಾರು.